ಓಪಿಯಾಯ್ಡ್ ವ್ಯಸನ: ಹದಿನಾರನೇ ದಿನದಿಂದ ಮುಂದಕ್ಕೆ (ಪದೇ ಪದೇ ಕೇಳುವ ಪ್ರಶ್ನೆಗಳು)

ನಾನು ವ್ಯಸನ ಚಿಕಿತ್ಸೆಯ ಕ್ಲಿನಿಕ್ ಒಂದರಲ್ಲಿ ಆಪ್ತಸಮಾಲೋಚಕಿ. ಓಪಿಡಿಯ ಬೆಂಚಿನ ಮೇಲೆ, ಫೋನಿನಲ್ಲಿ, ಕೆಲವೊಮ್ಮೆ ಮಡಚಿ ಕೈಗಿಟ್ಟ ಚೀಟಿಯಲ್ಲಿ ಜನ ಕೇಳಿದ್ದನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೇಳಿದವರ ಮಾತು ಆದಷ್ಟೂ ಹಾಗೇ ಇದೆ, ಗುರುತು ಸಿಗುವ ವಿವರ ಮಾತ್ರ ತೆಗೆದಿದ್ದೇನೆ. ಡೋಸಿನ ಲೆಕ್ಕಗಳು ತಿಳಿವಳಿಕೆಗಷ್ಟೇ. ನಿಮ್ಮ ಡೋಸನ್ನು ನಿಮ್ಮನ್ನು ನೋಡಿದ ಡಾಕ್ಟರೇ ಬರೆಯಬೇಕು.

## ಮೊದಲ ಸಲ ಬಂದವರು ಕೇಳುವುದು

"ಮಗ ತಗೊಳ್ಳೋದು ಮೆಡಿಕಲ್ ಶಾಪಿನ ನೋವಿನ ಮಾತ್ರೆ ಮೇಡಂ. ಅದೂ ಡ್ರಗ್ಸಾ?"

ಹೌದಮ್ಮಾ, ಕೆಲವು ನೋವಿನ ಮಾತ್ರೆಗಳು ಅದೇ ಕುಲದವು. ಅಫೀಮು, ಅದರಿಂದ ಬರುವ ಮಾರ್ಫಿನ್, ಕೋಡೀನ್, ಮಾರ್ಫಿನ್‌ನಿಂದ ಮಾಡಿದ ಹೆರಾಯಿನ್ (ಬೀದಿಯಲ್ಲಿ ಸಿಗುವ ಬ್ರೌನ್ ಶುಗರ್ ಇದರ ಕಲಬೆರಕೆ ರೂಪ), ಕಾರ್ಖಾನೆಯಲ್ಲಿ ತಯಾರಾಗುವ ಟ್ರಮಡಾಲ್, ಟ್ಯಾಪೆಂಟಡಾಲ್, ಪೆಂಟಜೋಸಿನ್ ಎಲ್ಲವೂ ಓಪಿಯಾಯ್ಡ್‌ಗಳೇ. ಮೆದುಳಿನಲ್ಲಿ ಇವೆಲ್ಲ ಹೋಗಿ ಕೂರುವುದು ಒಂದೇ ಕಡೆ. ಕೋಡೀನ್ ಇರುವ ಕೆಮ್ಮಿನ ಸಿರಪ್ಪೂ ಇದೇ ಸಾಲಿಗೆ ಸೇರುತ್ತದೆ. ಪ್ಯಾರಾಸಿಟಮಾಲ್, ಡೈಕ್ಲೋಫೆನಾಕ್ ಸೇರುವುದಿಲ್ಲ. ಟ್ರಮಡಾಲನ್ನು 2018ರಲ್ಲಿ ಎನ್‌ಡಿಪಿಎಸ್ (ಮಾದಕ ವಸ್ತು ನಿಯಂತ್ರಣ) ಕಾಯ್ದೆಯ ಪಟ್ಟಿಗೆ ತಂದರು.

ಒಂದು ಸುಳಿವು ಹೇಳುತ್ತೇನೆ. ಮಾತ್ರೆ ತಪ್ಪಿದ ದಿನ ಹುಡುಗನಿಗೆ ಒಂದೇ ಸಮ ಆಕಳಿಕೆ, ಮೂಗು ಸೋರುವುದು, ಕಣ್ಣಲ್ಲಿ ನೀರು, ಮೈಯೆಲ್ಲ ಜುಮ್ಮೆಂದು ಕೂದಲು ನಿಮಿರುವುದು, ಹೊಟ್ಟೆ ನುಲಿದು ಭೇದಿ, ರಾತ್ರಿಯಿಡೀ ಕಾಲು ಝಾಡಿಸುವುದು ಕಂಡರೆ ಅದನ್ನು ನೆಗಡಿ, ಜ್ವರ ಅಂದುಕೊಳ್ಳಬೇಡಿ.

"ಮನಸ್ಸು ಗಟ್ಟಿ ಮಾಡಿದ್ರೆ ಬಿಡೋಕಾಗಲ್ವಾ? ನಮ್ಮಪ್ಪ ಬೀಡಿ ಒಂದೇ ದಿನಕ್ಕೆ ಬಿಟ್ರು."

ನಿಮ್ಮ ತಂದೆಯವರಿಗೆ ನಮಸ್ಕಾರ. ಆದರೆ ವರ್ಷಗಟ್ಟಲೆ ಓಪಿಯಾಯ್ಡ್ ತಗೊಂಡ ಮೆದುಳು ಅದಿಲ್ಲದೆ ನಡೆಯುವುದನ್ನೇ ಮರೆತಿರುತ್ತದೆ. ನಿದ್ದೆ, ಕರುಳಿನ ಚಲನೆ, ನೋವು ತಾಳುವ ಶಕ್ತಿ, ಸಣ್ಣಪುಟ್ಟ ಖುಷಿ ಎಲ್ಲಕ್ಕೂ ಹೊರಗಿನಿಂದ ಬರುವ ವಸ್ತುವನ್ನೇ ಕಾಯುತ್ತಿರುತ್ತದೆ. ನನ್ನ ಹತ್ತಿರ ಬರುವವರಲ್ಲಿ ನಾಲ್ಕಾರು ಸಲ ತಾವಾಗಿಯೇ ಬಿಟ್ಟು ನೋಡದವರು ಅಪರೂಪ. ಗಟ್ಟಿ ಮನಸ್ಸು ಅವರಿಗೆ ಇತ್ತು, ಅದೊಂದೇ ಸಾಲಲಿಲ್ಲ.

"ಹದಿನೈದು ದಿನ ಸೇರಿಸಿ ಪೂರ್ತಿ ಕ್ಲೀನ್ ಮಾಡಿಸಿದ್ವಿ. ಮನೆಗೆ ಬಂದ ವಾರಕ್ಕೇ ಮತ್ತೆ ಶುರು. ಎಲ್ಲಿ ತಪ್ಪಿದ್ವಿ?"

ನೀವು ತಪ್ಪಲಿಲ್ಲ. ಹದಿನಾರನೇ ದಿನಕ್ಕೆ ಏನು ಮಾಡಬೇಕು ಅಂತ ನಿಮಗೆ ಯಾರೂ ಹೇಳಲಿಲ್ಲ, ಅಷ್ಟೇ.

ಬ್ರೌನ್ ಶುಗರ್ ನಿಲ್ಲಿಸಿದರೆ 8–12 ಗಂಟೆಯಲ್ಲಿ ಮೈಕೈ ಮುರಿತ ಶುರುವಾಗಿ ಎರಡು ಮೂರನೇ ದಿನಕ್ಕೆ ತಾರಕಕ್ಕೆ ಏರುತ್ತದೆ. ಒಂದು ವಾರ ಹತ್ತು ದಿನದಲ್ಲಿ ಇಳಿಯುತ್ತದೆ. ಆಗ ಹೋಗಿದ್ದು ಮೈಯೊಳಗಿನ ವಸ್ತು ಮಾತ್ರ. ನಿದ್ದೆಗೇಡು, ಬೇಸರ, ಇದ್ದಕ್ಕಿದ್ದಂತೆ ಎದ್ದು ಬರುವ ಆಸೆ ತಿಂಗಳುಗಟ್ಟಲೆ ಉಳಿದಿರುತ್ತವೆ. ಅದೇ ಬೀದಿ, ಅದೇ ಗೆಳೆಯರು, ಅದೇ ಫೋನ್ ನಂಬರಿನ ನಡುವೆಯೇ ಅವನು ವಾಪಸ್ ಬಂದಿರುತ್ತಾನೆ.

ಇದಕ್ಕಿಂತ ಭಯಪಡಬೇಕಾದ್ದು ಇನ್ನೊಂದಿದೆ. ಹದಿನೈದು ದಿನ ಬಿಟ್ಟಾಗ ದೇಹದ ತಾಳಿಕೆ ಕುಸಿಯುತ್ತದೆ. ಹಳೇ ಅಳತೆಯನ್ನೇ ಮತ್ತೆ ತಗೊಂಡರೆ ಉಸಿರು ನಿಲ್ಲಬಹುದು. ಜೈಲಿನಿಂದ ಹೊರಬಂದ ಮೊದಲ ಎರಡು ವಾರಗಳಲ್ಲಿ ಸಾವು ಹೆಚ್ಚುವುದಕ್ಕೂ ಇದೇ ಕಾರಣ. ಹಾಗಾಗಿ ಮುಂದಿನ ಔಷಧಿಯ ಏರ್ಪಾಡಿಲ್ಲದೆ ಬರೀ ಮೈ ತೊಳೆದು ಮನೆಗೆ ಕಳಿಸುವುದು ಅಪಾಯದ ಕೆಲಸ ಅಂತಲೇ ನನ್ನ ಅಭಿಪ್ರಾಯ.

"ನಮ್ಮ ಕಡೆ ಯಾರಿಗೆ ತೋರಿಸೋದು?"

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರವಿದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಹತ್ತಿರ. ಜಿಲ್ಲಾಸ್ಪತ್ರೆಯ ಮತ್ತು ಮೆಡಿಕಲ್ ಕಾಲೇಜುಗಳ ಮನೋವೈದ್ಯ ವಿಭಾಗದಲ್ಲೂ ಶುರು ಮಾಡಬಹುದು. ಎಲ್ಲಿಗೆ ಹೋಗಬೇಕೆಂದೇ ಗೊತ್ತಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ವ್ಯಸನಮುಕ್ತಿಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ಸೂಜಿ ಚುಚ್ಚಿಕೊಳ್ಳುವವರಿಗೆ ಏಡ್ಸ್ ನಿಯಂತ್ರಣ ಸಂಸ್ಥೆಯ ಓಎಸ್‌ಟಿ (ಬೀದಿಯ ವಸ್ತುವಿನ ಬದಲು ಔಷಧಿ ಕೊಡುವ) ಕೇಂದ್ರಗಳಲ್ಲಿ ಔಷಧಿ ಉಚಿತ.

ಮೊದಲ ಭೇಟಿಗೆ ಹಳೇ ಚೀಟಿಗಳ ಜೊತೆ ಖಾಲಿ ಮಾತ್ರೆಯ ಸ್ಟ್ರಿಪ್ಪನ್ನೂ ತನ್ನಿ. ಒಬ್ಬ ತಾಯಿ ಮಗನ ಹಾಸಿಗೆ ಕೆಳಗೆ ಸಿಕ್ಕಿದ ಸ್ಟ್ರಿಪ್ಪುಗಳನ್ನೆಲ್ಲ ಸಾಸಿವೆ ಡಬ್ಬಿಯಲ್ಲಿ ಕೂಡಿಟ್ಟು ತಂದಿದ್ದರು. ಹುಡುಗ ದಿನಕ್ಕೆ ಆರು ಅಂತ ಹೇಳಿದ್ದ. ಡಬ್ಬಿಯ ಲೆಕ್ಕ ಹದಿನಾಲ್ಕು ಅಂತ ಹೇಳಿತು. ಡಾಕ್ಟರಿಗೆ ಡೋಸ್ ನಿರ್ಧರಿಸಲು ಸಹಾಯವಾಗಿದ್ದು ಆ ಡಬ್ಬಿಯೇ.

## ಔಷಧಿಯ ವಿಚಾರ

"ಇದೂ ಅಫೀಮಿನ ಜಾತೀದೇ ಅಂತೆ. ಒಂದು ಚಟ ಬಿಡಿಸೋಕೆ ಇನ್ನೊಂದು ಚಟ ಹಚ್ತೀರಾ?"

ಎಲ್ಲಕ್ಕಿಂತ ಹೆಚ್ಚು ಸಲ ಕೇಳಿದ ಪ್ರಶ್ನೆ. ಕೇಳುವವರ ದನಿಯಲ್ಲಿ ಸಿಟ್ಟಿರುತ್ತದೆ, ಆ ಸಿಟ್ಟು ನ್ಯಾಯದ್ದೇ.

ಈ ವ್ಯಸನದ ಚಿಕಿತ್ಸೆಗೆ ನಾವು ಕೊಡುವ ಬ್ಯುಪ್ರೆನಾರ್ಫಿನ್, ಮೆಥಡೋನ್ ಎರಡೂ ಓಪಿಯಾಯ್ಡ್‌ಗಳೇ. ಮುಚ್ಚಿಡುವಂಥದ್ದೇನಿಲ್ಲ. ಆದರೆ ಬ್ರೌನ್ ಶುಗರ್ ತಗೊಳ್ಳುವವನ ಒಂದು ದಿನವನ್ನು ನೆನೆಸಿಕೊಳ್ಳಿ. ಏರುತ್ತದೆ, ನಾಲ್ಕೈದು ಗಂಟೆಗೆ ಇಳಿಯುತ್ತದೆ, ನರಳಾಟ ಶುರುವಾಗುವ ಮೊದಲೇ ಮುಂದಿನದಕ್ಕೆ ದುಡ್ಡು ಹೊಂದಿಸಬೇಕು. ಸಾಲ, ಸುಳ್ಳು, ಕೊನೆಗೆ ಅಮ್ಮನ ಬಳೆ. ಈ ಔಷಧಿಗಳು ಒಂದು ದಿನಕ್ಕೂ ಮೀರಿ ಒಂದೇ ಮಟ್ಟದಲ್ಲಿ ಕೆಲಸ ಮಾಡುತ್ತವೆ. ಸರಿಯಾದ ಡೋಸಿನಲ್ಲಿ ನಶೆಯೂ ಇಲ್ಲ, ನರಳಾಟವೂ ಇಲ್ಲ. ಮಾತ್ರೆ ತಗೊಂಡು ಲೇತ್ ಯಂತ್ರದ ಮುಂದೆ ನಿಲ್ಲುವವರು, ಪಾಠ ಮಾಡುವವರು ನನಗೆ ಗೊತ್ತು. ಔಷಧಿ ನಿಲ್ಲಿಸಿದರೆ ಅವರಿಗೂ ಮೈಮುರಿತ ಬರುತ್ತದೆ, ನಿಜ. ದೇಹ ಒಂದು ಔಷಧಿಗೆ ಒಗ್ಗಿಕೊಳ್ಳುವುದು ಬೇರೆ, ಅದರ ಹಿಂದೆ ಬದುಕನ್ನೇ ಮಾರಿಕೊಳ್ಳುವುದು ಬೇರೆ.

ಇದು ಇವತ್ತಿನ ಪ್ರಯೋಗವೂ ಅಲ್ಲ. ವಿನ್ಸೆಂಟ್ ಡೋಲ್ ಮತ್ತು ಮೇರಿ ನೈಸ್ವಾಂಡರ್ ಎಂಬ ವೈದ್ಯರು ನ್ಯೂಯಾರ್ಕಿನಲ್ಲಿ 1964ರಲ್ಲಿ ಮೆಥಡೋನ್ ಚಿಕಿತ್ಸೆ ಶುರು ಮಾಡಿದರು. ಡೋಲ್ ಮೂಲತಃ ದೇಹದ ಚಯಾಪಚಯ ಅಧ್ಯಯನ ಮಾಡುತ್ತಿದ್ದವರು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಹೇಗೋ ಇದಕ್ಕೆ ಇದು ಹಾಗೆ ಎಂಬ ನೋಟ ಬಂದದ್ದು ಅಲ್ಲಿಂದ. ಫ್ರಾನ್ಸಿನಲ್ಲಿ 1995ರಿಂದ ಸಾಮಾನ್ಯ ಡಾಕ್ಟರುಗಳಿಗೂ ಬ್ಯುಪ್ರೆನಾರ್ಫಿನ್ ಬರೆದುಕೊಡಲು ಬಿಟ್ಟರು. 1999ರ ಹೊತ್ತಿಗೆ ಓವರ್‌ಡೋಸ್ ಸಾವು ಶೇ. 79ರಷ್ಟು ಇಳಿದಿತ್ತು. ಎರಡೂ ಔಷಧಿಗಳು 2005ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿವೆ. ಒಂದು ಲಕ್ಷ ಇಪ್ಪತ್ತು ಸಾವಿರಕ್ಕೂ ಹೆಚ್ಚು ಮೆಥಡೋನ್ ರೋಗಿಗಳ ಲೆಕ್ಕವನ್ನು 2017ರಲ್ಲಿ ಒಟ್ಟು ಹಾಕಿ ನೋಡಿದಾಗ, ವರ್ಷಕ್ಕೆ ಸಾವಿರ ಮಂದಿಗೆ ಚಿಕಿತ್ಸೆಯಲ್ಲಿದ್ದಾಗ ಸುಮಾರು 11 ಸಾವು, ಬಿಟ್ಟಾಗ 36. ಈ ಅಂತರ ನೋಡಿದ ಮೇಲೆ ಚಟದ ಬದಲು ಚಟ ಅನ್ನುವ ಮಾತು ನನ್ನ ಬಾಯಲ್ಲಂತೂ ಬರುವುದಿಲ್ಲ.

"ಮೂರು ಹೆಸರು ಹೇಳಿದ್ರು. ಯಾವುದು ಒಳ್ಳೇದು?"

ಬ್ಯುಪ್ರೆನಾರ್ಫಿನ್ ನಾಲಗೆ ಕೆಳಗಿಡುವ ಮಾತ್ರೆ. ಒಂದು ಮಟ್ಟದ ಮೇಲೆ ಡೋಸ್ ಏರಿಸಿದರೂ ಉಸಿರು ಕುಗ್ಗಿಸುವ ಪರಿಣಾಮ ಅದೇ ಪ್ರಮಾಣದಲ್ಲಿ ಏರುವುದಿಲ್ಲ, ಆದ್ದರಿಂದ ಹೆಚ್ಚು ಸುರಕ್ಷಿತ. ಬಹಳ ಜನರಿಗೆ ದಿನಕ್ಕೆ 8–16 ಮಿ.ಗ್ರಾಂ. ಸಾಕಾಗುತ್ತದೆ. ಇದರಲ್ಲಿ ನಾಲಾಕ್ಸೋನ್ (ಓಪಿಯಾಯ್ಡ್‌ನ ಪರಿಣಾಮ ತಡೆಯುವ ಔಷಧಿ) ಬೆರೆಸಿದ ಮಾತ್ರೆಯೂ ಇದೆ. ನಾಲಗೆ ಕೆಳಗಿಟ್ಟರೆ ನಾಲಾಕ್ಸೋನ್ ಸುಮ್ಮನಿರುತ್ತದೆ, ಕರಗಿಸಿ ಸೂಜಿಯಲ್ಲಿ ಚುಚ್ಚಿಕೊಂಡರೆ ನರಳಾಟ ಎಬ್ಬಿಸುತ್ತದೆ.

ಮೆಥಡೋನ್ ಕುಡಿಯುವ ದ್ರವ. ತುಂಬಾ ವರ್ಷ, ತುಂಬಾ ಪ್ರಮಾಣದಲ್ಲಿ ತಗೊಂಡವರಿಗೆ, ಬ್ಯುಪ್ರೆನಾರ್ಫಿನ್ ಹಿಡಿಯದವರಿಗೆ ಇದು ಚೆನ್ನಾಗಿ ಹಿಡಿಯುತ್ತದೆ. ಆದರೆ ಡೋಸನ್ನು ನಿಧಾನಕ್ಕೆ ಏರಿಸಬೇಕು, ಮೊದಲ ಎರಡು ವಾರ ಕಣ್ಣಿಟ್ಟಿರಬೇಕು, ಹೃದಯದ ತೊಂದರೆ ಇದ್ದರೆ ಇಸಿಜಿ ಬೇಕು.

ನಾಲ್ಟ್ರೆಕ್ಸೋನ್ ಓಪಿಯಾಯ್ಡ್ ಅಲ್ಲವೇ ಅಲ್ಲ, ಬಾಗಿಲಿಗೆ ಹಾಕುವ ಬೀಗ. 50 ಮಿ.ಗ್ರಾಂ. ಮಾತ್ರೆ ತಗೊಂಡ ದಿನ ಬ್ರೌನ್ ಶುಗರ್ ತಗೊಂಡರೂ ಏರುವುದಿಲ್ಲ. ಶುರು ಮಾಡಬೇಕಾದರೆ 7–10 ದಿನ ಪೂರ್ತಿ ಬಿಟ್ಟಿರಬೇಕು. ಕೆಲಸ ಇದೆ, ಎದುರಿಗೆ ನಿಂತು ಮಾತ್ರೆ ಕೊಡಲು ಹೆಂಡತಿಯೋ ತಾಯಿಯೋ ಇದ್ದಾರೆ ಅನ್ನುವವರಲ್ಲಿ ಇದು ನಡೆಯುತ್ತದೆ. ಉಳಿದವರು ಮಾತ್ರೆ ಬಿಟ್ಟು ಆ ಬೀಗವನ್ನೇ ಬೇಗ ಎಸೆದುಬಿಡುತ್ತಾರೆ. ಎಸೆದ ಮೇಲೆ ತಾಳಿಕೆ ಇಲ್ಲದ ಮೈ, ಮತ್ತದೇ ಓವರ್‌ಡೋಸ್ ಭಯ.

"ಮೊದಲ ಮಾತ್ರೆ ಇಟ್ಟ ಅರ್ಧ ಗಂಟೆಗೆ ಮೊದಲಿಗಿಂತ ಜಾಸ್ತಿ ನರಳಿದ. ಅಲರ್ಜಿನಾ?"

ಅಲರ್ಜಿ ಅಲ್ಲ, ಆತುರ. ಬ್ಯುಪ್ರೆನಾರ್ಫಿನ್ ಬಲವಾಗಿ ಅಂಟಿಕೊಳ್ಳುತ್ತದೆ. ಮೈಯಲ್ಲಿ ಇನ್ನೂ ಹೆರಾಯಿನ್ ಇದ್ದರೆ ಅದನ್ನು ಒಮ್ಮೆಲೇ ತಳ್ಳಿ ಆ ಜಾಗದಲ್ಲಿ ತಾನು ಕೂರುತ್ತದೆ. ಅದಕ್ಕೇ ಆಕಳಿಕೆ, ಮೂಗು ಸೋರುವಿಕೆ ಚೆನ್ನಾಗಿ ಶುರುವಾದ ಮೇಲೆ ಮೊದಲ ಡೋಸ್ ಕೊಡುವುದು. ಬ್ರೌನ್ ಶುಗರ್ ಆದರೆ ಕನಿಷ್ಠ 12 ಗಂಟೆ, ಮೆಥಡೋನ್ ಆದರೆ ಇನ್ನೂ ಹೆಚ್ಚು ಕಾಯಬೇಕು. ಕೊನೆಯದಾಗಿ ಯಾವಾಗ ತಗೊಂಡೆ ಅಂತ ನರ್ಸ್ ಕೇಳಿದಾಗ ನಿಜ ಹೇಳಿ. ಬೈಯಲು ಕೇಳುವ ಪ್ರಶ್ನೆಯಲ್ಲ ಅದು.

"ನುಂಗಿಬಿಟ್ರೆ ಆಗಲ್ವಾ? ಬಾಯೆಲ್ಲ ಕಹಿ."

ನುಂಗಿದರೆ ಲಿವರ್ ಅದನ್ನು ಬಹುಪಾಲು ಕಳೆದುಬಿಡುತ್ತದೆ, ಹಣ ದಂಡ. ನಮ್ಮಲ್ಲಿ ಹೀಗೆ ನಡೆಯುತ್ತದೆ: ಮೊದಲು ಒಂದು ಗುಟುಕು ನೀರು ಕುಡಿದು ಬಾಯಿ ಒದ್ದೆ ಮಾಡಿಕೊಳ್ಳಬೇಕು. ನರ್ಸ್ ಮಾತ್ರೆ ಇಟ್ಟ ಮೇಲೆ ಗೋಡೆಗೊರಗಿ ತಲೆ ಸ್ವಲ್ಪ ಬಗ್ಗಿಸಿ ಕೂರಬೇಕು. ಐದರಿಂದ ಹತ್ತು ನಿಮಿಷ ಮಾತಿಲ್ಲ, ಉಗುಳಿಲ್ಲ, ಎಂಜಲು ನುಂಗುವುದೂ ಆದಷ್ಟು ಕಮ್ಮಿ. ಬೆಳಿಗ್ಗೆ ಹತ್ತೂವರೆಗೆ ಆ ಬೆಂಚು ನೋಡಬೇಕು, ಎಂಟು ಜನ ಮೌನವ್ರತದಲ್ಲಿ. ಕರಗಿದ ಮೇಲೆ ನಾಲಗೆ ಎತ್ತಿ ತೋರಿಸಿ ಎದ್ದು ಹೋಗುತ್ತಾರೆ. ಕರಗಿದ ಮೇಲೆ ನೀರು ಮುಕ್ಕಳಿಸಿ, ಹಲ್ಲುಜ್ಜುವುದು ಒಂದು ಗಂಟೆ ಬಿಟ್ಟು. ಈ ಮಾತ್ರೆಯಿಂದ ಹಲ್ಲು ಹುಳುಕಾಗುವ ಬಗ್ಗೆ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2022ರಲ್ಲಿ ಎಚ್ಚರಿಕೆ ಕೊಟ್ಟಿದೆ.

"ದಿನಾ ಸೆಂಟರಿಗೆ ಬಾ ಅಂತಾರೆ. ಗಾರೆ ಕೆಲಸದೋನು ನಾನು, ಬೆಳಿಗ್ಗೆ ಎಂಟಕ್ಕೆ ಹೋಗ್ಲಿಲ್ಲ ಅಂದ್ರೆ ಕೂಲಿ ಇಲ್ಲ."

ನಿಮ್ಮ ದೂರು ಸರಿ. ಮಾತ್ರೆ ಬೀದಿಗೆ ಮಾರಾಟಕ್ಕೆ ಹೋಗದಿರಲಿ ಅಂತ ಎದುರಿಗೇ ಕೊಡುವ ನಿಯಮ ಬಂತು. ನಿಯಮವನ್ನು ಮಾತ್ರ ನೋಡಿ ಕೂಲಿ ಮಾಡುವವನನ್ನು ನೋಡದಿದ್ದರೆ ಅವನು ಚಿಕಿತ್ಸೆಯನ್ನೇ ಬಿಡುತ್ತಾನೆ. ಮೊದಲ ಕೆಲವು ವಾರ ದಿನವೂ ಬನ್ನಿ. ಮೂತ್ರ ಪರೀಕ್ಷೆ ಸರಿ ಬಂದು ಡೋಸ್ ಒಂದು ಮಟ್ಟಕ್ಕೆ ಬಂದು ನಿಂತ ಮೇಲೆ ಮನೆಗೆ ಕೊಡುವ ವ್ಯವಸ್ಥೆ ಇದೆಯಾ ಅಂತ ನೇರವಾಗಿ ಕೇಳಿ. 2020ರ ಲಾಕ್‌ಡೌನಿನಲ್ಲಿ ಮನೆಗೆ ಕೊಡುವುದು ಹೆಚ್ಚಾಯಿತು. ಮನೆಗೆ ಒಯ್ದ ಔಷಧಿಗೆ ಬೀಗ ಬೇಕೇ ಬೇಕು. ದೊಡ್ಡವರಿಗೆ ಒಂದು ದಿನದ ಮೆಥಡೋನ್, ಮಗುವಿಗೆ ಸಾವು.

"ಎಷ್ಟು ವರ್ಷ ತಗೋಬೇಕು? ಮುಂದಿನ ಮಾಘಕ್ಕೆ ಮದುವೆ ಇಟ್ಕೊಂಡಿದ್ದೀವಿ, ಅಷ್ಟರಲ್ಲಿ ನಿಲ್ಲಿಸಿಬಿಡಿ."

ಬಿಪಿ ಮಾತ್ರೆ ಎಷ್ಟು ವರ್ಷ ಅಂತ ಮದುವೆಯ ಮುಹೂರ್ತ ನೋಡಿ ಯಾರೂ ಕೇಳುವುದಿಲ್ಲ. ಕೆಲವರಿಗೆ ಎರಡು ವರ್ಷ, ಕೆಲವರಿಗೆ ಹತ್ತು, ಕೆಲವರಿಗೆ ಜೀವನಪೂರ್ತಿ. ಒಂದು ವರ್ಷದೊಳಗೆ ನಿಲ್ಲಿಸಲು ಹೊರಟವರಲ್ಲಿ ಹೆಚ್ಚಿನವರು ಹಿಂದಿರುಗಿ ಬಂದದ್ದನ್ನೇ ನೋಡಿದ್ದೇನೆ.

ನನ್ನದೇ ಒಂದು ತಪ್ಪು ಹೇಳುತ್ತೇನೆ. ಮೊದಲು ಕೆಲಸ ಮಾಡುತ್ತಿದ್ದ ಜಾಗದಲ್ಲಿ ಇಂಥದ್ದೇ ಮದುವೆ ಮಾತು ಬಂತು. ತಂದೆ ದಿನವೂ ಬಂದು ಕೂರುತ್ತಿದ್ದರು, ಹುಡುಗ ಒಂಬತ್ತು ತಿಂಗಳಿಂದ ಚೆನ್ನಾಗಿದ್ದ. ಬೇಗ ಇಳಿಸೋಣ ಅಂತ ತಂಡದ ಮುಂದೆ ನಾನೇ ವಾದಿಸಿದೆ. 8 ಮಿ.ಗ್ರಾಂ.ನಿಂದ ಆರು ವಾರದಲ್ಲಿ ಸೊನ್ನೆ. ಮದುವೆಗೆ ಹೋಗಿ ಊಟವನ್ನೂ ಮಾಡಿ ಬಂದೆ. ಎರಡು ತಿಂಗಳಿಗೆ ಅವನ ಹೆಂಡತಿ ಫೋನ್ ಮಾಡಿದಳು, ಗಂಡನಿಗೆ ಇಂಥ ಕಾಯಿಲೆ ಇತ್ತು ಅಂತ ಅವಳಿಗೆ ಅವತ್ತೇ ಗೊತ್ತಾಗಿದ್ದು. ಹುಡುಗ ಬದುಕಿದ್ದಾನೆ, ಮತ್ತೆ ಮಾತ್ರೆಯ ಮೇಲಿದ್ದಾನೆ, ಚೆನ್ನಾಗಿದ್ದಾನೆ. ಹುಡುಗಿಯ ಮನೆಯವರಿಗೆ ಮೊದಲೇ ಹೇಳಿ ಅಂತ ಅಂದಿನಿಂದ ಪ್ರತಿಯೊಬ್ಬರಿಗೂ ಹೇಳುತ್ತೇನೆ.

ನಿಲ್ಲಿಸಲೇಬೇಕು ಅಂತ ರೋಗಿಗೇ ಅನಿಸಿದರೆ ತಿಂಗಳುಗಟ್ಟಲೆ ಸಮಯ ಕೊಟ್ಟು ಇಳಿಸಬೇಕು. ಕೊನೆಯ 2 ಮಿ.ಗ್ರಾಂ. ಬಿಡುವುದೇ ಎಲ್ಲಕ್ಕಿಂತ ಕಷ್ಟ. ಮಧ್ಯೆ ನಿದ್ದೆ ಕೆಟ್ಟರೆ, ಆಸೆ ಎದ್ದರೆ ಅಲ್ಲಿಗೇ ನಿಲ್ಲಿಸುವ, ಮತ್ತೆ ಏರಿಸುವ ಸ್ವಾತಂತ್ರ್ಯ ಅವನಿಗಿರಬೇಕು.

"ಮಾತ್ರೆ ಕೊಟ್ರೆ ಸಾಕಲ್ವಾ? ಕೌನ್ಸೆಲಿಂಗ್ ಅಂತ ಯಾಕೆ ಕೂರಿಸ್ತೀರಿ?"

ಕೌನ್ಸೆಲಿಂಗ್ ಬೇಡ ಅಂದವರಿಗೂ ಮಾತ್ರೆ ಸಿಗಬೇಕು. ನಾನು ಟೋಲ್ ಗೇಟ್ ಅಲ್ಲ. ಆದರೂ ಕೂತರೆ ನಾವು ಮಾತಾಡುವುದು ಉಪದೇಶವನ್ನಲ್ಲ. ಸಂಬಳ ಬರುವ ದಿನ ದುಡ್ಡು ಯಾರ ಖಾತೆಗೆ ಹೋಗಲಿ, ಕೆಲಸದಿಂದ ಮನೆಗೆ ಬರಲು ಬೇರೆ ದಾರಿ ಯಾವುದು, ಹಳೇ ಸಿಮ್ ಏನು ಮಾಡೋಣ, ಸಂಜೆ ಆರರಿಂದ ಒಂಬತ್ತರ ಹೊತ್ತನ್ನು ಹೇಗೆ ಕಳೆಯುವುದು, ಇಂಥವು. ಒಳಗೆ ಖಿನ್ನತೆ ಇದ್ದರೆ ಅದಕ್ಕೂ ಚಿಕಿತ್ಸೆ ಬೇಕು. ವ್ಯಸನ ಬಿಟ್ಟವರು, ಬಿಡುತ್ತಿರುವವರು ಒಟ್ಟು ಸೇರುವ ನಾರ್ಕೋಟಿಕ್ಸ್ ಅನಾನಿಮಸ್ ಸಭೆಗಳಿಂದ ಕೆಲವರಿಗೆ ತುಂಬಾ ಸಹಾಯವಾಗಿದೆ. ಅಲ್ಲಿ ಯಾರಾದರೂ ಮಾತ್ರೆ ಬಿಟ್ಟು ಬಾ ಅಂದರೆ ಮಾತ್ರ ಕಿವಿಗೆ ಹಾಕಿಕೊಳ್ಳಬೇಡಿ.

## ಮನೆಯವರು, ಕಾನೂನು, ತುರ್ತು ಹೊತ್ತು

"ಎಂಟು ತಿಂಗಳಾದ ಮೇಲೆ ಒಂದ್ಸಲ ತಗೊಂಡುಬಿಟ್ಟ. ಎಲ್ಲಾ ನೀರಲ್ಲಿ ಹೋಮ ಆಯ್ತಲ್ಲ?"

ಎಂಟು ತಿಂಗಳು ಎಲ್ಲೂ ಹೋಗಿಲ್ಲ. ಮಾತ್ರೆ ನಿಲ್ಲಿಸಬೇಡಿ, ಮರುದಿನವೇ ಕರೆತನ್ನಿ. ಎಷ್ಟೋ ಸಲ ಡೋಸ್ ಕಮ್ಮಿ ಇರುತ್ತದೆ, ಇಲ್ಲವೇ ಎರಡು ದಿನ ಮಾತ್ರೆ ತಪ್ಪಿರುತ್ತದೆ. ಜಾರಿದವನಿಗೆ ಶಿಕ್ಷೆಯಾಗಿ ಔಷಧಿ ನಿಲ್ಲಿಸುವ ಕಡೆ ಸೇರಿಸಬೇಡಿ.

"ತುಟಿ ನೀಲಿ ಆಗಿದೆ, ಗೊರಕೆ ಥರ ಸದ್ದು, ಎಬ್ಬಿಸಿದ್ರೆ ಏಳ್ತಿಲ್ಲ. ಏನ್ ಮಾಡ್ಲಿ?"

ಮೊದಲು 108. ಎದೆ ಮೂಳೆಯ ಮೇಲೆ ಗೆಣ್ಣಿನಿಂದ ಜೋರಾಗಿ ಉಜ್ಜಿ. ಏಳದಿದ್ದರೆ, ಉಸಿರು ನಿಧಾನವಾಗಿದ್ದರೆ ತಲೆ ಹಿಂದಕ್ಕೆ ಬಾಗಿಸಿ, ಮೂಗು ಹಿಡಿದು, ಐದು ಸೆಕೆಂಡಿಗೊಂದರಂತೆ ಬಾಯಿಂದ ಉಸಿರು ಕೊಡಿ. ಉಸಿರು ಮರಳಿದರೆ ಒಂದು ಮಗ್ಗುಲಿಗೆ ಮಲಗಿಸಿ. ಏನು ತಗೊಂಡಿದ್ದಾನೆ ಅಂತ ಆಂಬುಲೆನ್ಸಿನವರಿಗೆ ಮುಚ್ಚದೆ ಹೇಳಿ. ನಾಲಾಕ್ಸೋನ್ ಕೊಟ್ಟರೆ ಕೆಲವೇ ನಿಮಿಷಕ್ಕೆ ಕಣ್ಣು ಬಿಡುತ್ತಾರೆ, ಆದರೆ ಅದರ ಶಕ್ತಿ 30–90 ನಿಮಿಷ ಮಾತ್ರ. ಒಳಗಿರುವ ವಸ್ತು ಅದಕ್ಕಿಂತ ಹೆಚ್ಚು ಹೊತ್ತು ಇರಬಹುದು. ಎದ್ದು ಕೂತ ಅಂತ ಆಸ್ಪತ್ರೆಯಿಂದ ಎಬ್ಬಿಸಿಕೊಂಡು ಬರಬೇಡಿ. ಉಪ್ಪು ನೀರು, ಮಜ್ಜಿಗೆ, ನಿಂಬೆಹಣ್ಣು ಬಾಯಿಗೆ ಹಾಕಲೇಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ.

"ಬರಲ್ಲ ಅಂತಾನೆ. ನಾಲ್ಕು ಜನ ಹಿಡ್ಕೊಂಡು ಹೋಗಿ ಕೂಡಿಹಾಕೋ ಸೆಂಟರ್ ಇದೆಯಂತಲ್ಲ?"

ಇವೆ, ಅದೇ ದುಃಖ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯ, ಮಾದಕ ವಸ್ತುಗಳಿಂದ ಬರುವ ಮಾನಸಿಕ ತೊಂದರೆಯನ್ನೂ ಒಳಗೊಳ್ಳುತ್ತದೆ. ಒಪ್ಪಿಗೆ ಇಲ್ಲದ ದಾಖಲಾತಿಗೆ 89ನೇ ಸೆಕ್ಷನ್ನಿನಲ್ಲಿ ದಾರಿ ಇದೆ: ಇಬ್ಬರು ತಜ್ಞರ ಪ್ರತ್ಯೇಕ ಪರೀಕ್ಷೆ, ಜೀವಕ್ಕೆ ಅಪಾಯದಂಥ ಗಟ್ಟಿ ಕಾರಣ, ಮೊದಲಿಗೆ 30 ದಿನದ ಮಿತಿ. ಸರಪಳಿ ಹಾಕುವುದನ್ನು 95ನೇ ಸೆಕ್ಷನ್ ಪೂರ್ತಿ ನಿಷೇಧಿಸಿದೆ. ಸೇರಿಸುವ ಮೊದಲು ಸೆಂಟರಿನ ನೋಂದಣಿ ಪತ್ರ ಕೇಳಿ, ಡಾಕ್ಟರ್ ವಾರಕ್ಕೆ ಎಷ್ಟು ಸಲ ಬರುತ್ತಾರೆ ಕೇಳಿ, ಒಳಗಿರುವವರ ಜೊತೆ ಫೋನಿನಲ್ಲಿ ಮಾತಾಡಲು ಬಿಡುತ್ತಾರಾ ಕೇಳಿ. ಮೂರಕ್ಕೂ ತಡಬಡಿಸಿದರೆ ವಾಪಸ್ ಬನ್ನಿ.

ಅವನು ಬರದಿದ್ದರೂ ನೀವು ಬರಬಹುದು. ಮನೆಯವರು ಮಾತ್ರ ನಾಲ್ಕು ಸಲ ಬಂದು, ಐದನೇ ಸಲಕ್ಕೆ ಮಗನೂ ಹಿಂದೆ ಬಂದದ್ದನ್ನು ನೋಡಿದ್ದೇನೆ.

"ಆಸ್ಪತ್ರೆಗೆ ಹೋದ್ರೆ ಪೊಲೀಸರಿಗೆ ಹೇಳ್ತಾರಾ?"

ಚಿಕಿತ್ಸೆಯ ಮಾಹಿತಿಯನ್ನು ಗುಟ್ಟಾಗಿಡುವುದು 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ರೋಗಿಯ ಹಕ್ಕು. ಕೇಸಿದ್ದರೂ ದಾರಿ ಇದೆ. 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಸೆಕ್ಷನ್ ಪ್ರಕಾರ, ಸೇವನೆ ಅಥವಾ ಸಣ್ಣ ಪ್ರಮಾಣದ ಆರೋಪ ಇರುವ ವ್ಯಸನಿ ಸರ್ಕಾರಿ ಅಥವಾ ಸರ್ಕಾರ ಮಾನ್ಯ ಮಾಡಿದ ಕೇಂದ್ರದಲ್ಲಿ ತಾನಾಗಿ ಚಿಕಿತ್ಸೆ ಪಡೆದರೆ ವಿಚಾರಣೆಯಿಂದ ವಿನಾಯಿತಿ ಪಡೆಯಬಹುದು. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಅದನ್ನು ಹಿಂತೆಗೆಯಬಹುದು. ವಕೀಲರಿಗೆ ಈ ಸೆಕ್ಷನ್ ನೆನಪಿಸಿ, ಎಲ್ಲರಿಗೂ ನೆನಪಿರುವುದಿಲ್ಲ.

## ಚಿಕಿತ್ಸೆಯಲ್ಲಿ ಹಳಬರಾದವರು ಕೇಳುವುದು

"ನಾನೀಗ ಮೂರು ತಿಂಗಳ ಬಸುರಿ. ಮಗುಗೋಸ್ಕರ ಇವತ್ತೇ ನಿಲ್ಲಿಸ್ತೀನಿ."

ದಯವಿಟ್ಟು ನಿಲ್ಲಿಸಬೇಡಿ ತಾಯಿ. ಒಮ್ಮೆಲೇ ನಿಲ್ಲಿಸಿದರೆ ನರಳಾಟದ ಜೊತೆ ಗರ್ಭಪಾತದ, ಅವಧಿಗೆ ಮೊದಲೇ ಹೆರಿಗೆಯ ಅಪಾಯ. ಮತ್ತೆ ಹಳೇದಕ್ಕೆ ಹೋದರೆ ಇನ್ನೂ ಕೆಟ್ಟದ್ದು. ಬ್ಯುಪ್ರೆನಾರ್ಫಿನ್ ಅಥವಾ ಮೆಥಡೋನ್ ಮುಂದುವರಿಸುವುದೇ ಸರಿಯಾದ ಚಿಕಿತ್ಸೆ. ಕೊನೆಯ ತಿಂಗಳುಗಳಲ್ಲಿ ಡೋಸ್ ಏರಿಸಬೇಕಾಗಬಹುದು. ಹುಟ್ಟಿದ ಮಗು ಕೆಲವು ದಿನ ಕಿರಿಕಿರಿ ಮಾಡಬಹುದು, ನಡುಗಬಹುದು. ಅದಕ್ಕೆ ಆಸ್ಪತ್ರೆಯಲ್ಲಿ ಆರೈಕೆ ಇದೆ. ಎದೆಗೆ ಅವುಚಿಕೊಳ್ಳುವುದು, ಮೊಲೆಹಾಲು ಅದನ್ನು ತಗ್ಗಿಸುತ್ತವೆ. ಎಚ್‌ಐವಿ ಇದ್ದರೆ ಹಾಲೂಡುವ ಬಗ್ಗೆ ಡಾಕ್ಟರ ಸಲಹೆ ಬೇರೆ ಪಡೆಯಿರಿ. ಹೆರಿಗೆ ಡಾಕ್ಟರಿಗೂ ನಮ್ಮ ಡಾಕ್ಟರಿಗೂ ಪರಸ್ಪರ ಮಾತಾಡಿಸಿ.

"ಟಿಬಿ ಮಾತ್ರೆ ಶುರುವಾದ ಮೇಲೆ ಮೆಥಡೋನ್ ಹಿಡೀತಾನೇ ಇಲ್ಲ. ಡೋಸಲ್ಲಿ ನೀರು ಬೆರೆಸ್ತಿದಾರಾ?"

ನೀರಲ್ಲ, ರಿಫಾಂಪಿಸಿನ್. ಟಿಬಿಯ ಈ ಮಾತ್ರೆ ಲಿವರನ್ನು ಚುರುಕು ಮಾಡಿ ಮೆಥಡೋನನ್ನು ಬೇಗ ಹೊರಹಾಕುತ್ತದೆ. ಎಚ್‌ಐವಿಗೆ ಕೊಡುವ ಎಫಾವಿರೆಂಜ್ ಕೂಡ ಹಾಗೇ. ಡೋಸ್ ಏರಿಸಬೇಕು, ಟಿಬಿ ಕೋರ್ಸ್ ಮುಗಿದ ಮೇಲೆ ನೆನಪಿಟ್ಟು ಇಳಿಸಬೇಕು. ಸೂಜಿ ಬಳಸಿದವರು ಎಚ್‌ಐವಿ, ಹೆಪಟೈಟಿಸ್ ಬಿ, ಸಿ ಪರೀಕ್ಷೆ ಮಾಡಿಸಿಕೊಳ್ಳಿ. ಹೆಪಟೈಟಿಸ್ ಸಿ ಈಗ ಮೂರು ತಿಂಗಳ ಮಾತ್ರೆಯಲ್ಲಿ ಬಹುತೇಕರಿಗೆ ವಾಸಿಯಾಗುತ್ತದೆ, ಸರ್ಕಾರಿ ಕಾರ್ಯಕ್ರಮದಲ್ಲಿ ಉಚಿತ.

"ನಿದ್ದೆ ಬರಲ್ಲ. ರಾತ್ರಿ ಒಂದು ಅಲ್ಪ್ರಾಜೋಲಾಮ್, ಭಾನುವಾರ ಒಂದು ಕ್ವಾರ್ಟರ್. ತೊಂದರೆ ಇಲ್ವಲ್ಲ?"

ತೊಂದರೆ ಇದೆ. ನಿದ್ದೆ ಮಾತ್ರೆ, ಮದ್ಯ, ಓಪಿಯಾಯ್ಡ್ ಮೂರೂ ಉಸಿರನ್ನೇ ಕುಗ್ಗಿಸುವುದು. ಬ್ಯುಪ್ರೆನಾರ್ಫಿನ್ ಒಂದೇ ಆಗಿದ್ದರೆ ಇರುವ ಸುರಕ್ಷತೆ ಇಲ್ಲಿ ಇರುವುದಿಲ್ಲ. ಬಹಳ ದಿನದಿಂದ ಅಲ್ಪ್ರಾಜೋಲಾಮ್ ತಗೊಳ್ಳುತ್ತಿದ್ದರೆ ದಿಢೀರನೆ ನಿಲ್ಲಿಸಬೇಡಿ, ಫಿಟ್ಸ್ ಬರಬಹುದು. ಡಾಕ್ಟರಿಗೆ ಹೇಳಿ, ನಿಧಾನಕ್ಕೆ ಇಳಿಸುತ್ತಾರೆ.

"ಬೈಕಿಂದ ಬಿದ್ದು ಕಾಲು ಮುರಿದಿದೆ, ನಾಳೆ ಆಪರೇಷನ್. ಮಾತ್ರೆ ವಿಷಯ ಹೇಳಿದ್ರೆ ನೋವಿಗೆ ಏನೂ ಕೊಡಲ್ಲ ಅಂತ ಭಯ."

ಅರಿವಳಿಕೆ ಡಾಕ್ಟರಿಗೆ ಹೇಳಲೇಬೇಕು. ಮೆಥಡೋನ್, ಬ್ಯುಪ್ರೆನಾರ್ಫಿನ್ ಸಾಮಾನ್ಯವಾಗಿ ಮುಂದುವರಿಸುತ್ತಾರೆ. ಅದರ ಮೇಲೆ ನರಕ್ಕೆ ಕೊಡುವ ಬ್ಲಾಕ್, ಬೇರೆ ಬಗೆಯ ನೋವಿನ ಔಷಧಿ, ಬೇಕಾದರೆ ಹೆಚ್ಚಿನ ಓಪಿಯಾಯ್ಡ್ ಕೊಡುತ್ತಾರೆ. ನೀವು ದಿನವೂ ತಗೊಳ್ಳುವ ಡೋಸ್ ಮುರಿದ ಮೂಳೆಯ ನೋವಿಗೆ ಸಾಲದು. ನಾಲ್ಟ್ರೆಕ್ಸೋನ್ ತಗೊಳ್ಳುವವರ ಕತೆ ಬೇರೆ. ಓಪಿಯಾಯ್ಡ್ ನೋವಿನ ಔಷಧಿ ಅವರಿಗೆ ಹತ್ತುವುದೇ ಇಲ್ಲ, ಹಾಗಾಗಿ ಜೇಬಿನಲ್ಲೊಂದು ಚೀಟಿ ಬರೆದಿಟ್ಟುಕೊಂಡಿರಬೇಕು.

"ದುಬೈಲಿ ಕೆಲಸ ಸಿಕ್ಕಿದೆ. ಮೂರು ತಿಂಗಳ ಮಾತ್ರೆ ಬ್ಯಾಗಲ್ಲಿ ಹಾಕ್ಕೊಂಡು ಹೋಗ್ಲಾ?"

ಮಂಗಳೂರು, ಉಡುಪಿ, ಭಟ್ಕಳ ಕಡೆಯವರು ಇದನ್ನು ಕೇಳುತ್ತಲೇ ಇರುತ್ತಾರೆ. ಸುಮ್ಮನೆ ಹಾಕಿಕೊಂಡು ಹೋಗಬೇಡಿ. ಯುಎಇಗೆ ನಿಯಂತ್ರಿತ ಔಷಧಿ ಒಯ್ಯಲು ಅಲ್ಲಿನ ಆರೋಗ್ಯ ಸಚಿವಾಲಯದ ಮುಂಗಡ ಅನುಮತಿ ಬೇಕು, ಆನ್‌ಲೈನಿನಲ್ಲಿ ಅರ್ಜಿ ಹಾಕಬೇಕು. ಟ್ರಮಡಾಲ್ ಸ್ಟ್ರಿಪ್ಪಿಗೇ ಜನ ಅಲ್ಲಿ ಜೈಲು ಕಂಡಿದ್ದಾರೆ. ವೀಸಾ ಬರುವ ಮೊದಲೇ ನಮ್ಮಲ್ಲಿಗೆ ಬನ್ನಿ: ಚೀಟಿ, ಡಾಕ್ಟರ ಪತ್ರ, ಅರ್ಜಿಗೆ ಬೇಕಾದ ಕಾಗದ ಮಾಡಿಕೊಡುತ್ತೇವೆ. ಅನುಮತಿ ಸಿಗದಿದ್ದರೆ ಏನು ಮಾಡುವುದು ಅನ್ನುವುದನ್ನೂ ಆಗಲೇ ಕೂತು ಮಾತಾಡೋಣ. ಟಿಕೆಟ್ ಆದ ಮೇಲೆ, ಹೊರಡುವ ಹಿಂದಿನ ಸಂಜೆ ಐದೂವರೆಗೆ ಬಂದರೆ ನನ್ನ ಕೈಲಿ ಏನೂ ಮಾಡಲಾಗುವುದಿಲ್ಲ.